ದಾಖಲೆ ಇನ್ನೂರ ಹದಿನೇಳು

ಹೊಯ್ಗೆಬಜಾರಿನ ಹಳೇ ಹಂಚಿನ ಕಾರ್ಖಾನೆ
ಈಗ ನಮ್ಮ ಮ್ಯೂಸಿಯಂ. ಹೊಗೆಗೊಳವೆಗೆ ಬಣ್ಣ ಬಳಿದಿದ್ದಾರೆ,
ಗೂಡೊಲೆ ಇದ್ದಲ್ಲಿ ಟಿಕೆಟ್ ಕೌಂಟರ್.
ಅದರ ಹಿಂದೆ ಕಪ್ಪು ಬಟ್ಟೆಯ ಗುಡಾರದೊಳಗೆ
ತಿರುಗುವ ತಟ್ಟೆಯ ಮೇಲೊಂದು ಹಂಚನ್ನಿಟ್ಟು
ಬೆಳಕು ಬಡಿಸುತ್ತ ಕೂರುವುದು
ನನ್ನ ಸಂಶೋಧನೆ.

ಒಂದು ಸುತ್ತಿಗೆ ಎಪ್ಪತ್ತೆರಡು ಚಿತ್ರ.
ಮಗುಚಿ ಹಾಕಿ ಇನ್ನೆಪ್ಪತ್ತೆರಡು.
(ನೀರುದೋಸೆ ಮಗುಚದ ಊರಿನಲ್ಲಿ
ಹಂಚನ್ನೇ ಮಗುಚುವವಳು ನಾನೊಬ್ಬಳೇ.)
ಆಮೇಲೆ ಕಂಪ್ಯೂಟರು ರಾತ್ರಿಯಿಡೀ ಹೊಲಿಯುತ್ತದೆ
ಚುಕ್ಕಿಗೆ ಚುಕ್ಕಿ, ಅಂಚಿಗೆ ಅಂಚು.
ಬೆಳಗಾಗುವಾಗ ತೆರೆಯ ಮೇಲೆ ತೇಲುತ್ತಿರುತ್ತದೆ ಹಂಚು,
ಕೂದಲೆಳೆಯಷ್ಟೂ ತಪ್ಪಿಲ್ಲದೆ.
ಹಾಗೆಂದು ಬರೆದಿದ್ದೇನೆ, ಮೂರನೇ ಅಧ್ಯಾಯ.

ಇನ್ನೂರ ಹದಿನೇಳನೆಯದರಲ್ಲಿ
ಕಂಪನಿಯ ಮುದ್ರೆ, ಇಂಗ್ಲಿಷ್ ಅಕ್ಷರದ ಮಂಗಳೂರು,
ಅದರ ಕೆಳಗೆ ಎಡಕ್ಕೆ
ಹಸಿಮಣ್ಣಿನಲ್ಲಿ ಒತ್ತಿಹೋದ ಹೆಬ್ಬೆರಳು.
ಝೂಮ್ ಮಾಡಿದೆ. ಮಾಡುತ್ತಲೇ ಹೋದೆ.
ರೇಖೆಗಳು ಉತ್ತ ಗದ್ದೆಯಷ್ಟಗಲವಾದವು,
ನಡುವೆ ಅಡ್ಡಕ್ಕೊಂದು ಗೀರು, ಯಾವುದೋ ಹಳೇ ಗಾಯ.
ನಮೂನೆಯಲ್ಲಿ 'ತಯಾರಕರು' ಎಂಬ ಖಾನೆಯಿದೆ.
ತುಂಬಿದರೆ ಹಸಿರು, ಖಾಲಿ ಬಿಟ್ಟರೆ ಕೆಂಪು.
ಕಂಪನಿಯ ಹೆಸರು ಹಾಕಿ
ಹಸಿರು ಮಾಡಿ
ಊಟಕ್ಕೆ ಹೋದೆ.

ಶುಕ್ರವಾರ ಕ್ಯುರೇಟರ್ ಮಥಾಯಸ್ ಮಾಮ್
ಬೋಳಾರದಿಂದ ರಿಕ್ಷಾದಲ್ಲಿ ಕರೆತಂದರು ದೇಯಿಯಕ್ಕನನ್ನು.
ಹದಿನಾಲ್ಕಕ್ಕೆ ಸೇರಿ ಮೂವತ್ತೊಂದು ವರ್ಷ
ಅಚ್ಚಿನಿಂದ ಹಸಿ ಹಂಚು ಬಿಡಿಸಿ, ತಂತಿಯಲ್ಲಿ ಅಂಚು ಕೊಯ್ದವರು.
ನನ್ನ ಒಪ್ಪಿಗೆ ಪತ್ರದಲ್ಲಿ ಬರೇ 'ಮಾಹಿತಿದಾರರು'.
ಸಹಿ ಕೇಳಿದೆ, ಹೆಬ್ಬೆರಳು ಚಾಚಿದರು.
ಒತ್ತಿದರೆ ಕಾಗದದ ಮೇಲೆ ಬರೇ ನೀಲಿ ಮೊಟ್ಟೆ,
ಒಂದು ಗೆರೆಯೂ ಇಲ್ಲ.
"ಮಣ್ಣು ತಿಂದುಬಿಟ್ಟಿದೆ ಮಗಾ," ನಕ್ಕರು,
"ರೇಷನ್ ಅಂಗಡಿಯ ಮಿಷನ್ನಿಗೂ ನಾನು ಸಿಗುವುದಿಲ್ಲ.
ನೀನು ದೇಯಿ ಅಲ್ಲ ಅಂತದೆ ಅದು."

ತೆರೆಯಲ್ಲಿ ಇನ್ನೂರ ಹದಿನೇಳನ್ನು ತಿರುಗಿಸಿ ತೋರಿಸಿದೆ.
ಇದು ನಿಮ್ಮದಾ, ಈ ಬೆರಳು?
ತುಂಬ ಹೊತ್ತು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.
"ಇರಬಹುದು. ಕರ್ಮಿನಾ ಬಾಯಿಯದ್ದಿರಬಹುದು.
ಉಚ್ಚಿಲದಿಂದ ಒಬ್ಬಳು ಬರುತ್ತಿದ್ದಳು,
ಹೆಸರೇ ಬರುವುದಿಲ್ಲ, ಅವಳದ್ದೂ ಇರಬಹುದು.
ಬೆರಳು ಮೂಡಿದರೆ ನಾಲ್ಕು ಪೈಸೆ ಕಟ್.
ಮೇಸ್ತ್ರಿ ಎತ್ತಿ ಹಿಡಿದು ಯಾರದ್ದು ಇದು ಅಂದರೆ
ಸಾಲಿಗೆ ಸಾಲು ಹೆಂಗಸರು ನೆಲ ನೋಡುತ್ತಿದ್ದೆವು."

ಮತ್ತೆ ಕೇಳಿದರು: "ಇದು ಬೆಂದಿದೆಯಾ?"
ಬಣ್ಣದ ಅಂಕಿಸಂಖ್ಯೆ ಹೇಳತೊಡಗಿದೆ.
ಅವರು ಗೆಣ್ಣು ಮಡಚಿ ತೆರೆಗೇ ಕುಟ್ಟಿದರು. ಟಕ್.
ತಲೆಯಾಡಿಸಿದರು, ಪಾಪ ಎಂಬಂತೆ.
ಗುಡಾರದೊಳಗೆ ಹೋಗಿ, ನಾನು ಕೈಗವಸಿಲ್ಲದೆ ಮುಟ್ಟದ ಹಂಚನ್ನು
ಒಂದು ಮೂಲೆ ಹಿಡಿದು ಮೀನಿನಂತೆ ತೂಗಿಬಿಟ್ಟು
ಕುಟ್ಟಿದರು.
ಠಣ್.
"ಮೊದಲನೇ ನಂಬರು." ಪಕ್ಕದ್ದನ್ನೆತ್ತಿದರು. ಬದ್.
"ಇದು ಒಂದು ಆಟಿ ದಾಟುವುದಿಲ್ಲ."
ಹೀಗೆ ಊಟದ ಹೊತ್ತಿನೊಳಗೆ ನಲವತ್ತು ಹಂಚು
ಬೇರೆ ಬೇರೆಯಾಗಿ ಗೋಡೆಗೊರಗಿ ನಿಂತವು.
ನನಗೆ ಬೇಕಾಗಿದ್ದು ಒಂದೂವರೆ ವರ್ಷ,
ಮತ್ತು ಆ ವಿಂಗಡಣೆಯೂ ತಪ್ಪು.

ಸಂಜೆ 'ತಯಾರಕರು' ಖಾನೆಯನ್ನು ಅಳಿಸಿದೆ.
ಕೆಂಪಾಯಿತು, ಹಂಚಿನದೇ ಕೆಂಪು. ಇರಲಿ.
ಸಮಿತಿ ಕೇಳುತ್ತದೆ. ಕೇಳಲಿ.

'ಸದ್ದು' ಎಂದೊಂದು ಹೊಸ ಖಾನೆ ಮಾಡಿದ್ದೇನೆ.
ಅದರಲ್ಲಿ ಮೊದಲ ಕಡತ, ಹನ್ನೊಂದು ಸೆಕೆಂಡು:
ಅವರ ಬಳೆ, ಬೆಂಗ್ರೆ ದೋಣಿಯ ಎಂಜಿನ್,
ಮಥಾಯಸ್ ಮಾಮ್‌ನ ಕೆಮ್ಮು,
ಆಮೇಲೆ ಠಣ್,
ಆ ಠಣ್ ಇನ್ನೂ ಇಳಿಯುತ್ತಿರುವಾಗಲೇ
"ಕೇಣುಂಡಾ ಮಗಾ?"
ಗದ್ದಲ ತೆಗೆಯಲೇ, ಎನ್ನುತ್ತಿದೆ ಕಂಪ್ಯೂಟರು.