ಒಂದು ಜನವರಿ

ಸ್ವಿಚ್ಚು ಒತ್ತಿದರೆ ಕಪ್ಪು ಪರದೆ, ಎರಡು ಸಾಲು:
ಮೇಲೆ ಉಬುಂಟು, ಕೆಳಗೆ ವಿಂಡೋಸ್.
ಕೆಳಗಿಳಿದೆ. ಎಂಟರ್ ಕೊಟ್ಟೆ.
ನಾಲ್ಕು ಬಣ್ಣದ ಬಾವುಟ ಕೂಡಿಕೊಳ್ಳುವ ಮೊದಲೇ
ನೀಲಿ. ನೀಲಿಯ ಮೇಲೆ ಬಿಳಿ ಅಕ್ಷರ,
ಓದುವಷ್ಟರಲ್ಲಿ ಹೋಯಿತು.
ಮತ್ತೆ ಕಪ್ಪು, ಮತ್ತೆ ಅದೇ ಎರಡು ಸಾಲು.

ಫಳ್ನೀರಿನ ಈ ಪ್ರೆಸ್ಸಿನಲ್ಲಿ
ಹದಿನಾರು ವರ್ಷದಿಂದ ಟೈಪು ಮಾಡುವವಳು ನಾನು.
ನನ್ನ ಅಕ್ಷರವೆಲ್ಲ ವಿಂಡೋಸಿನ ಕಡೆ ಉಂಟು.
ಇನ್ನೊಂದನ್ನು ಕೂರಿಸಿದ್ದು ಜೋಯಲ್, ಕಲಿಯಲಿಕ್ಕೆ ಬಂದಿದ್ದ ಹುಡುಗ,
"ವೈರಸ್ ಬರ್ಲಿಕ್ಕಿಲ್ಲ ಅಕ್ಕ" ಎಂದು.
ಈಗ ಬಂದರಿನಲ್ಲಿ ಬೋಟುಗಳಿಗೆ ಜಿಪಿಎಸ್ ಹಾಕುತ್ತಾನೆ;
ಫೋನು ಎತ್ತುವುದಿಲ್ಲ.

ಎದುರಿನ ಸ್ಟೂಲಿನಲ್ಲಿ ಬೊನಿಫಾಸ್ ಸಲ್ಡಾನ್ಹಾ,
ಮಡಿಲಲ್ಲಿ ಹೆಲ್ಮೆಟ್ಟು.
ತಾಯಿಯ ತಿಂಗಳ ಪೂಜೆಗೆ ನೂರೈವತ್ತು ಕಾರ್ಡು,
ನಾಳೆ ಇಗರ್ಜಿಯಲ್ಲಿ ಕೊಡಬೇಕು.
ಫೋನಿನಲ್ಲಿ ಕೊಂಕಣಿ, ನಮ್ಮ ಧಣಿಗಳ ಹತ್ತಿರ ತುಳು,
ನನ್ನ ಕಡೆ ತಿರುಗಿದರೆ ಕನ್ನಡ;
ಒಂದರಿಂದ ಒಂದಕ್ಕೆ ಹಾರುವಾಗ
ಮನುಷ್ಯ ಒಮ್ಮೆಯೂ ನೀಲಿಯಾಗಲಿಲ್ಲ.

ದುರಸ್ತಿ ಮಾಡಲೇ ಎಂದು ಅದೇ ಕೇಳಿತು.
ಹೂಂ ಅಂದೆ.
ಅರ್ಧ ಗಂಟೆ ಹಸಿರು ಪಟ್ಟಿ ಅತ್ತಿಂದಿತ್ತ ಓಡಿ
ಆಗಲಿಲ್ಲ ಎಂದಿತು.
"ಫಾರ್ಮ್ಯಾಟ್ ಹೊಡೆಯುವ" ಅಂದರು ಧಣಿಗಳು.
ಆ ಹೊಡೆಯುವ ಎಂಬ ಮಾತೇ ನನಗೆ ಆಗುವುದಿಲ್ಲ.

ಉಬುಂಟು ಮಾತ್ರ ಏನೂ ಆಗದ ಹಾಗೆ ಎದ್ದಿತು.
ಫೈಲುಗಳೆಲ್ಲ ಇದ್ದಲ್ಲೇ ಇವೆ,
ಆದರೆ ಫಾಂಟಿಲ್ಲ. ಸೆವ್ರಿನ್ ಬಾಯಿ ಎಂದು ನಾನು ಬರೆದಲ್ಲಿ
ಇಂಗ್ಲಿಷಿನ ಎರಡು ಅಕ್ಷರ, ಒಂದು ಕೊಂಬು, ಡಾಲರಿನ ಚಿಹ್ನೆ.
ಮುಚ್ಚುವಾಗ ಮೂಲೆಯ ತಾರೀಕು ಕಂಡಿತು:
ಒಂದು ಜನವರಿ, ಎರಡು ಸಾವಿರದ ಒಂಬತ್ತು.

ಆಗಲೇ ಜೋಯಲ್ ಫೋನು, ಹಿಂದೆ ಎಂಜಿನ್ನಿನ ಅಬ್ಬರ.
"ನಿನ್ನೆ ಮೆಸ್ಕಾಂನವರು ಇಡೀ ದಿನ ಕರೆಂಟು ತೆಗೆದಿದ್ರಾ?
ಹಾಗಾದ್ರೆ ಒಳಗಿನ ಸೆಲ್ಲು ಸತ್ತಿದೆ ಅಕ್ಕ!
ಸೆಲ್ಲು ಸತ್ರೆ ಅದು ಹುಟ್ಟಿದ ದಿನಕ್ಕೆ ಹೋಗ್ತದೆ,
ನಾವು ಹೇಳಿಕೊಟ್ಟದ್ದೆಲ್ಲ ಮರೀತದೆ.
ಐಡಿಇ ಅಂತ ಇರ್ತದೆ ನೋಡಿ, ಎಎಚ್‌ಸಿಐ ಮಾಡಿ.
ಎ! ಎಚ್! ಸಿ!"
ಬೋಟು ಅವನನ್ನು ನುಂಗಿತು.

ಮೆಟ್ಟಿಲ ಕೆಳಗೆ ವಾಚಿನ ಹಸನಬ್ಬ,
ಕಣ್ಣಿಗೆ ಬುರುಡೆಗಾಜು ಕಚ್ಚಿಕೊಂಡೇ ತಲೆಯೆತ್ತಿದರು.
"ಕಂಪ್ಯೂಟರಿನ ಒಳಗೂ ಒಂದು ವಾಚು ಉಂಟಾ?"
ಉಂಟು ಅಂದೆ.
ಅವರಿಗೆ ಎಷ್ಟು ಖುಷಿಯಾಯಿತೆಂದರೆ
ಮೂವತ್ತು ರೂಪಾಯಿಯ ಸೆಲ್ಲಿಗೆ ಇಪ್ಪತ್ತೈದೇ ತೆಗೆದುಕೊಂಡರು.

ಪಕ್ಕದ ತಗಡು ಬಿಚ್ಚಿದೆ. ಧೂಳು, ಒಂದು ಹಲ್ಲಿಮೊಟ್ಟೆಯ ಚಿಪ್ಪು.
ಎಂಟಾಣೆಯಷ್ಟಗಲದ ಸೆಲ್ಲು ಉಗುರಿಗೆ ಎದ್ದು ಬಂತು.
ಹೊಸದು ಕೂತಿತು. ಡಿಲೀಟು ಒತ್ತಿ ಹಿಡಿದು ಒಳಹೊಕ್ಕು
ಎಎಚ್‌ಸಿಐ ಮಾಡಿದೆ. ಉಳಿದದ್ದು ತಾರೀಕು.

"ಒಂಬತ್ತನೇ ಇಸವಿಯಾ?" ಬೊನಿಫಾಸ್ ಎದ್ದು ಬಂದಿದ್ದರು.
"ಆ ವರ್ಷ ನಮ್ಮಲ್ಲಿಗೆ ಫ್ರಿಜ್ಜು ಬಂತು.
ಅಮ್ಮ ಅದಕ್ಕೊಂದು ಹೊದಿಕೆ ಹೆಣೆದರು, ಕ್ರೋಶಾದಲ್ಲಿ.
ಬಾಗಿಲು ತೆಗೆದಾಗೆಲ್ಲ ಜಾರಿ ಬೀಳುತ್ತಿತ್ತು."
ನನ್ನ ಬೆರಳು ಪ್ಲಸ್ಸಿನ ಮೇಲೆ ಇತ್ತು.
"ಸ್ವಲ್ಪ ನಿಲ್ಲಿ" ಅಂದರು.
ನಿಂತೆ.
ಫ್ಯಾನು ತಿರುಗಿತು. ಹೊರಗೆ ಬಸ್ಸಿನವನು ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್ ಎಂದು ಕೂಗಿಕೊಂಡು ಹೋದ.
"ಆಯ್ತು."

ಹತ್ತು. ಹನ್ನೊಂದು. ಹನ್ನೆರಡು.
ಒಂದೊಂದೇ ಒತ್ತಿದೆ, ಬೇಗ ಒತ್ತುವ ಧೈರ್ಯವಾಗಲಿಲ್ಲ.
ಹತ್ತೊಂಬತ್ತರಲ್ಲಿ "ಇಲ್ಲಿ ಬಚ್ಚಲಲ್ಲಿ ಬಿದ್ದದ್ದು" ಅಂದರು.
ಮುಂದೆ ಮಾತಿಲ್ಲ.
ಈ ವರ್ಷ ಬಂದಾಗ
ನನ್ನ ಕೈಯಿಂದಲೇ ಎಂತದೋ ಆದ ಹಾಗೆ
ಎಫ್ ಹತ್ತು ಒತ್ತಿದೆ. ಸೇವ್ ಮಾಡಲೇ ಎಂದು ಕೇಳಿತು. ಮಾಡು.

ಬಾವುಟ ಅರಳಿತು. ಆ ಹಳೇ ನಾದ.
ಸೆವ್ರಿನ್ ಬಾಯಿ ಸ್ಪಷ್ಟವಾಗಿ ಕನ್ನಡದಲ್ಲಿ ಬಂದರು, ಒತ್ತಕ್ಷರ ಸಮೇತ.
ಬೊನಿಫಾಸ್ ಕನ್ನಡಕ ಹುಡುಕಿ ಓದಿ
"ಎಂಬತ್ತನಾಲ್ಕಲ್ಲ, ಎಂಬತ್ತಮೂರು" ಅಂದರು.
ತಿದ್ದಿದೆ.

ಹಳೇ ಸೆಲ್ಲು ಇನ್ನೂ ಮೇಜಿನ ಮೇಲೆಯೇ ಉಂಟು.
ಹಸಿ ಕಸವೋ ಒಣ ಕಸವೋ,
ಪಾಲಿಕೆಯ ಹೆಂಗಸಿಗೂ ಗೊತ್ತಿಲ್ಲ.