ಬೆನ್ನಿನ ಪಾಲು

ನಲವತ್ತು ರೊಟ್ಟಿಗೊಂದು ರೊಟ್ಟಿಯ ದುಡ್ಡು
ಬೇರೆ ಡಬ್ಬಿಗೆ.
ಅದು ಬಾಡಿಗೆಯದಲ್ಲ, ಸೌದೆಯದಲ್ಲ,
ಮಗಳ ಪಿಟೀಲು ಪಾಠದ್ದೂ ಅಲ್ಲ.
ಡಬ್ಬಿಯ ಮೇಲೆ ನಾನೇ ಬರೆದಿದ್ದೇನೆ: ಬೆನ್ನು.

ನಾದಿನಿ ಗುಲಿಕೋ ಓದಿ ನಕ್ಕಳು:
"ಹೊಟ್ಟೆಯ ಹಿಟ್ಟು ಮಾರಿ ಜುಟ್ಟಿಗೆ ಹೂವೇ, ಲಾಮಾರಾ?"
ನಾನು ಉತ್ತರ ಕೊಡಲಿಲ್ಲ.
ಸೊಂಟದವರೆಗೆ ಒಲೆಯೊಳಗಿದ್ದೆ.

ನಮ್ಮ ತಿಬಿಲಿಸಿಯ ರೊಟ್ಟಿಯೊಲೆ ಬಾವಿಯ ಹಾಗೆ,
ತಳದಲ್ಲಿ ನೀರಿನ ಬದಲು ಕೆಂಡ.
ಬಗ್ಗಿ, ಉಸಿರು ಹಿಡಿದು, ತೋಳು ಚಾಚಿ
ದೋಣಿಯಂತೆ ಎಳೆದ ಹಿಟ್ಟನ್ನು
ಕಾದ ಗೋಡೆಗೆ ಬಡಿಯಬೇಕು. ಏಳಬೇಕು. ಮತ್ತೆ ಬಗ್ಗಬೇಕು.
ದಿನಕ್ಕೆ ಮುನ್ನೂರು ಸಲ.
ದೇವರಿಗೂ ನಾನು ಅಷ್ಟು ಬಾಗಿದವಳಲ್ಲ.

ಮೊದಮೊದಲು ಹೋಗುತ್ತಿದ್ದುದು
ಸೊಂಟ ಹಿಡಿದುಕೊಂಡಾಗ ಮಾತ್ರ.
ಒಂದು ಜನವರಿ, ಹಿಟ್ಟಿನ ಮೂಟೆ ಎತ್ತಹೋದವಳು
ಕೊಕ್ಕೆಯಾಗಿ ಉಳಿದುಬಿಟ್ಟೆ.
ಹಾಗೇ ಟ್ಯಾಕ್ಸಿ ಹತ್ತಿ, ಹಾಗೇ ಇಳಿದು,
ನೆಲದಿಂದ ಅರ್ಧ ಮಾತ್ರ ಎದ್ದ ಇಟ್ಟಿಗೆ ಗುಮ್ಮಟಗಳ ನಡುವೆ
ಕೊಳೆತ ಮೊಟ್ಟೆಯ ವಾಸನೆಯ ಜಾಡು ಹಿಡಿದು ನಡೆದೆ.
ಗಂಧಕದ ಬಿಸಿನೀರು. ಕಲ್ಲಿನ ಹಾಸು.
ತ್ಸಿಯಾಲಾ, ಅರವತ್ತು ದಾಟಿದವಳು, ಜಟ್ಟಿಯ ಮುಂಗೈಯವಳು,
ನನ್ನ ಬೆನ್ನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತಳು,
ಫೋನಿನ ಆ ಕಡೆಯವರು ಮಾತಾಡಲೆಂದು
ಕಾಯುವ ಹಾಗೆ.

"ಒಲೆಯ ಬೂದಿ ಯಾವಾಗ ತೆಗೀತೀಯ?"
"ದಿನಾ."
"ಒಲೆ ಕೆಟ್ಟ ಮೇಲಲ್ಲ?"
"ಅಲ್ಲ."
"ಹೂಂ," ಅಂದಳು.
ಮಿಕ್ಕಿದ್ದನ್ನು ಹೆಬ್ಬೆರಳು ಹೇಳಿತು.

ಈಗ ಮಂಗಳವಾರ ತಪ್ಪಿಸುವುದಿಲ್ಲ, ನೋವಿರಲಿ, ಬಿಡಲಿ.
ಒರಟು ಕೈಚೀಲ ತೊಟ್ಟು ಅವಳು ಉಜ್ಜಿದರೆ
ಒಂದು ವಾರದ ನಾನು ಬೂದುಬಣ್ಣದ ಎಳೆಗಳಾಗಿ
ಮೋರಿಯ ಕಡೆ ಹರಿದುಹೋಗುತ್ತೇನೆ.
ದಿಂಬಿನ ಗವಸಿಗೆ ಉಸಿರೂದಿ, ಹಿಂಡಿ,
ಮೈತುಂಬ ಸೋಪಿನ ನೊರೆ ಹೊದಿಸುತ್ತಾಳೆ.
ಆಮೇಲೆ ನಾದುತ್ತಾಳೆ.

ನಾದುವುದೆಂದರೆ ಏನೆಂದು ನನಗೆ ಗೊತ್ತು.
ಇಪ್ಪತ್ತೆರಡು ವರ್ಷ ನಾದಿದ್ದೇನೆ.
ಅಂಗೈಯ ಬುಡದಿಂದ ತಳ್ಳಿ, ಮಡಿಸಿ, ತಿರುಗಿಸಿ.
ಗಂಟಿದ್ದಲ್ಲಿ ಗುದ್ದಬಾರದು, ಕಾಯಬೇಕು.
ಸಾಕಾದಾಗ ಹಿಟ್ಟೇ ಸಾಕು ಅನ್ನುತ್ತದೆ.
ಆದರೆ ನಾದಿಸಿಕೊಳ್ಳುವುದು?
ಅದನ್ನು ಕಲಿಯಲು, ಹಲ್ಲು ಕಚ್ಚುವುದು ಬಿಡಲು,
ನಾಲ್ಕು ಮಂಗಳವಾರ ಹಿಡಿಯಿತು.

ಐದನೆಯ ವಾರ, ಎಡ ಹೆಗಲಿನ ಅಲಗಿನಡಿ
ಅವಳು ಒತ್ತಿದಾಗ ಅತ್ತುಬಿಟ್ಟೆ. ನೋವಿಗಲ್ಲ.
ಅಲ್ಲಿ ಯಾರೂ ಮುಟ್ಟಿರಲಿಲ್ಲ ಎಷ್ಟೋ ವರ್ಷ.
ನನ್ನ ಕೈಗೇ ಎಟುಕದ ನಾನು
ಒಂದು ಅಂಗೈಯಗಲ ಅಲ್ಲಿದ್ದೆ.
ತ್ಸಿಯಾಲಾ ಒಂದು ಬಕೆಟ್ಟು ನೀರು ಸುರಿದಳು.
ಯಾವುದು ಕಣ್ಣೀರು, ಯಾವುದು ಗಂಧಕ,
ಕೇಳುವವಳಲ್ಲ.

ವಾಪಸು ಬರುತ್ತ ಬಸ್ಸಿನಲ್ಲಿ ಒಂದು ಸಂಗತಿ ಹೊಳೆದು
ಒಬ್ಬಳೇ ನಕ್ಕೆ:
ಹಿಟ್ಟಿಗೆ ಎರಡು ಗಂಟೆ ಬಿಡುವು ಕೊಡುತ್ತೇನೆ,
ಒದ್ದೆ ಬಟ್ಟೆ ಹೊದಿಸಿ, ಗಾಳಿ ತಾಗದ ಮೂಲೆಯಲ್ಲಿಟ್ಟು,
ಶ್, ಬಾಗಿಲು ಬಡಿಯಬೇಡ, ಎಂದು
ಮಗಳನ್ನು ಗದರುತ್ತೇನೆ.
ಹಿಟ್ಟಿಗೆ!

ಬೆನ್ನು ಪೂರ್ತಿ ವಾಸಿಯಾಯಿತೆಂದು ಹೇಳಲಾರೆ.
ಮುನ್ನೂರು ಸಲ ಬಗ್ಗುವುದು ಮುನ್ನೂರು ಸಲವೇ.
ಆದರೆ ಇನ್ನೂರ ಎಂಬತ್ತನೆಯ ರೊಟ್ಟಿಯೂ ಈಗ
ಶಾಪವಿಲ್ಲದೆ ಗೋಡೆಗೆ ಅಂಟುತ್ತದೆ.

ಮೊನ್ನೆ ಗುಲಿಕೋ ಡಬ್ಬಿ ಅಲ್ಲಾಡಿಸಿ ನೋಡುತ್ತಿದ್ದಳು.
ಅವಳದು ಹೊಲಿಗೆ ಯಂತ್ರದ ಕೆಲಸ, ಹದಿನಾರು ವರ್ಷದಿಂದ
ಕತ್ತು ಬಲಕ್ಕೇ ವಾಲಿದೆ,
ಯಾರದೋ ಗುಟ್ಟು ಕೇಳಿಸಿಕೊಳ್ಳುವವಳ ಹಾಗೆ.
ಏನೂ ಅನ್ನಲಿಲ್ಲ, ಇಟ್ಟು ಹೋದಳು.

ಬೆಳಿಗ್ಗೆ ನೋಡಿದರೆ ನನ್ನ ಅಕ್ಷರದ ಕೆಳಗೆ
ಪೆನ್ಸಿಲಿನಲ್ಲಿ, ಸಣ್ಣಗೆ, ಅಳಿಸಿದರೆ ಅಳಿಸಲೆಂಬಂತೆ:
ಕತ್ತು.

ಇವತ್ತಿನಿಂದ ಇಪ್ಪತ್ತಕ್ಕೊಂದು.