ರಿಸರ್ವ್

ಮೋತಿ ವೃತ್ತದ ಸೇತುವೆ ಏರುವಾಗ
ಗಾಡಿ ಎರಡು ಸಲ ಕೆಮ್ಮಿತು.
ಎಡಗೈ ಇಳಿಸಿ ಕಾಕು ರಿಸರ್ವಿಗೆ ತಿರುಗಿಸಿದೆ,
ಮೂವತ್ತು ವರ್ಷದ ರೂಢಿ, ಬಗ್ಗಿ ನೋಡಬೇಕಾಗಿಲ್ಲ.
ನೂರು ಮಾರು ಹೋಗಿ
ಪೂರ್ತಿ ನಿಂತಿತು.

ಅಲ್ಲಿಂದ ಕೌಲ್ ಬಜಾರಿನವರೆಗೆ ತಳ್ಳಿದೆ.
ಮೇ ತಿಂಗಳು, ಹನ್ನೊಂದು ಗಂಟೆ,
ಚಪ್ಪಲಿಗೆ ಡಾಂಬರು ಅಂಟುತ್ತಿತ್ತು.
ಎಜ್ಡಿ ನನಗಿಂತ ಭಾರ.

ಹೊನ್ನೂರವಲಿ ಪ್ಲಗ್ಗು ಬಿಚ್ಚಲಿಲ್ಲ, ಒದ್ದು ನೋಡಲಿಲ್ಲ.
ಟ್ಯಾಂಕಿನ ಮುಚ್ಚಳ ತೆಗೆದು ಮೂಗಿಟ್ಟ,
ಹುಳಿ ಬಂದ ಮಜ್ಜಿಗೆ ಗಡಿಗೆಗೆ ಇಡುವ ಹಾಗೆ.
ಆ ಹೊತ್ತು ನನ್ನ ಉಸಿರು ಕಟ್ಟಿದ್ದು
ತಳ್ಳಿದ ದಣಿವಿಗಲ್ಲ.

ಯಾಕೆಂದರೆ ನಾನು, ಗಾದಿಲಿಂಗ,
ಒಂದು ಕಾಲಕ್ಕೆ ನ್ಯಾಯಬೆಲೆ ಅಂಗಡಿಯಲ್ಲಿ
ಸೀಮೆಎಣ್ಣೆ ಅಳೆಯುತ್ತಿದ್ದವ.
ಅಳತೆಯ ಡಬ್ಬಿಯೊಳಗೆ ಹೆಬ್ಬೆರಳು ಇಳಿಬಿಟ್ಟು
ಬೆರಳಿನಷ್ಟು ಎಣ್ಣೆ ಉಳಿಸುವುದು ಕಲಿತವ.
ಬೆರಳಿಗೆ ಬೆರಳು ಸೇರಿ ಕ್ಯಾನು ತುಂಬುತ್ತಿತ್ತು.
ಅದಿರಿನ ಲಾರಿಗಳು ಮೈಲುಗಟ್ಟಲೆ ನಿಂತ ಕಾಲ,
ರಾತ್ರಿ ಯಾರು ಏನು ಎಲ್ಲಿಗೆ ಒಯ್ದರೆಂದು
ಯಾರು ಕೇಳಬೇಕು?
ಒಂದೊಂದು ಕ್ಯಾನು ಈ ಟ್ಯಾಂಕಿಗೂ ಇಳಿದದ್ದುಂಟು.
ಇಂಜಿನ್ನು ಗೊಣಗಿತು, ಹೊಗೆ ಕಾರಿತು, ಓಡಿತು.
ಕಾರ್ಡು ಸೆರಗಿಗೆ ಕಟ್ಟಿಕೊಂಡು ಬಂದವರಿಗೆ
‘ಸ್ಟಾಕು ಬಂದಿಲ್ಲ, ನಾಳೆ ಬಾ’ ಅಂದ ನಾಲಿಗೆ
ಇದೇ.

ಮಗಳು ರಮೀಜಾ ಬಿಳಿ ಪಿಂಗಾಣಿ ತಟ್ಟೆ ತಂದಳು.
ಪೈಪು ಎಳೆದು ಕಾಕು ತಿರುಗಿಸಿದಳು.
ಮೊದಲು ಚಹಾದ ಬಣ್ಣ,
ಆಮೇಲೆ ಚಹಾದ ಗಸಿ.
ಪೆಟ್ರೋಲಿನ ಅಡಿಯಲ್ಲಿ ನೀರು ಗುಂಡುಗುಂಡಾಗಿ
ಓಡಾಡಿತು, ಯಾರ ಜೊತೆಗೂ ಬೆರೆಯದೆ.
ಅದರ ಸುತ್ತ ಕೆಂಪು.

‘ಧೂಳೇನಮ್ಮ?’ ಅಂದೆ.
ಈ ಊರಲ್ಲಿ ಕೆಂಪಾದದ್ದೆಲ್ಲ ನಮಗೆ ಧೂಳೇ,
ಒಣಹಾಕಿದ ಪಂಚೆ, ಬೇವಿನೆಲೆ, ಮುಂಜಾನೆಯ ಕಫ.
ಅವಳು ಎರಡು ಬೆರಳಲ್ಲಿ ಉಜ್ಜಿದಳು.
‘ಧೂಳಾದರೆ ನುಣ್ಣಗಿರ್ತಿತ್ತು. ಇದು ಹಕ್ಕಳೆ. ತುಕ್ಕು.’

ಸಂಡೂರಿನ ಗುಡ್ಡದ್ದೋ, ಯಾವ ಗುಡ್ಡದ್ದೋ ಕಲ್ಲು,
ಎಲ್ಲೋ ಕುದಿದು ತಗಡಾಗಿ, ಕಪ್ಪು ಬಣ್ಣ ಬಳಿಸಿಕೊಂಡು
ನನ್ನ ತೊಡೆಗಳ ನಡುವೆ ಊರೂರು ತಿರುಗಿ
ಒಳಗೊಳಗೇ ತವರಿನ ದಾರಿ ಹಿಡಿದಿತ್ತು.

‘ಸೀಮೆಎಣ್ಣೆ ಏನಾದರೂ…’
ನನ್ನ ಮಾತು ಅಲ್ಲಿಗೇ ನಿಂತಿತು.
ಹೊನ್ನೂರವಲಿ ನಕ್ಕ:
‘ಹಾಕಿದ್ರೂ ಯಾವಾಗೋ ಉರಿದು ಹೋಗಿರ್ತೈತಿ ಅಣ್ಣ.
ಮುಚ್ಚಳದ ವಾಷರ್ ಹರಿದೈತಿ ನೋಡು,
ತೊಳೆಯೋವಾಗ ನೀರು ಇಳಿದೈತಿ, ಅಷ್ಟೇ.
ನೀನು ಗಾಡಿ ಬಾಳ ತೊಳೀತಿ.’

ನಿಜ. ವಾರಕ್ಕೆ ಎರಡು ಸಲ ತೊಳೆಯುತ್ತೇನೆ.

ಹಿಡಿ ತುಂಬ ನಟ್ಟು, ಬಿಸಿ ಹುಣಸೆ ನೀರು
ಟ್ಯಾಂಕಿಗೆ ಸುರಿದು ಅಪ್ಪ ಮಗಳು
ತೊಟ್ಟಿಲಿನಂತೆ ಹಿಡಿದು ಕುಲುಕಿದರು.
ಓಣಿಯ ಹುಡುಗರು ಆ ಸದ್ದಿಗೆ ಕುಣಿದರು.
ಕಾರ್ಬುರೇಟರಿನ ಬಟ್ಟಲಲ್ಲಿ ಹಳೆ ಬೆಲ್ಲದ ಪಾಕ,
ಉಗುರಿನಿಂದಲೇ ಕೆರೆಯಬೇಕಾಯಿತು.
ಜೆಟ್ಟು ಕಣ್ಣಿಗಿಟ್ಟು ರಮೀಜಾ ಬಿಸಿಲಿಗೆ ಹಿಡಿದಳು.
ಬೆಳಕಿಲ್ಲ.
ಹರಿದ ಬ್ರೇಕ್ ಕೇಬಲ್ಲಿನ ಒಂದು ಎಳೆ ತೂರಿಸಿ,
ಊದಿ, ತುಟಿ ಒರೆಸಿಕೊಂಡು ನನ್ನ ಕೈಗಿಟ್ಟಳು:
‘ನೋಡಿ ಈಗ.’
ಸಾಸಿವೆಗಿಂತ ಸಣ್ಣ ತೂತು.
ಅದರಾಚೆ ಬಳ್ಳಾರಿ ಗುಡ್ಡದ ಒಂದು ಚೂರು,
ಉರಿಯುತ್ತ.

ಮರುದಿನ ಸಂಜೆ, ಹೊಸ ವಾಷರ್,
ಒಳಗೆಲ್ಲ ಒಣಗಿಸಿದ ಟ್ಯಾಂಕು.
ಪೆಟ್ರೋಲಿಗೆ ಆಯಿಲು ಬೆರೆಸಲು
ಅಳತೆಯ ಡಬ್ಬಿ ಎತ್ತಿದಳು ಹುಡುಗಿ.
ನಾನು ಅವಳ ಮುಖ ನೋಡಲಿಲ್ಲ,
ಹೆಬ್ಬೆರಳು ನೋಡಿದೆ.

ಡಬ್ಬಿಯ ಹೊರಗಿತ್ತು.
ಗೆರೆ ಮುಟ್ಟುವ ತನಕ ಸುರಿದಳು,
ಮುಟ್ಟಿದ ಮೇಲೆ ಇನ್ನೊಂದು ಹನಿ.